ರಸ್ತೆಯ ಕೊನೆಗೆ ಹೊಣೆ ಯಾರು?



ವಿಷಯ: ಹೆದ್ದಾರಿಗಳು ಮುಗಿಯುವ ಜಾಗಗಳ ಬಗ್ಗೆ ಆಡಳಿತ ತೋರುತ್ತಿರುವ ಅಸಡ್ಡೆ

ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ತನ್ನ ಸಾಧನೆಯನ್ನು ದಿನಕ್ಕೆ ಇಷ್ಟು ಕಿಲೋಮೀಟರ್ ಎಂಬ ಲೆಕ್ಕದಲ್ಲಿ ಹೇಳಿಕೊಳ್ಳುವುದೂ ಪತ್ರಿಕೆಗಳು ಅದನ್ನು ಹಾಗೆಯೇ ಅಚ್ಚು ಹಾಕುವುದೂ ರೂಢಿಯಾಗಿಬಿಟ್ಟಿದೆ. 2020–21ರಲ್ಲಿ 13,327 ಕಿ.ಮೀ. ಹೆದ್ದಾರಿ ನಿರ್ಮಾಣವಾಗಿ, ದಿನಕ್ಕೆ ಸರಾಸರಿ 37 ಕಿ.ಮೀ. ಸಮೀಪದ ಆ ವೇಗ ದಾಖಲೆಯೆಂದು ಕೊಂಡಾಡಲ್ಪಟ್ಟಿತು. ಲೆಕ್ಕ ಸುಳ್ಳಲ್ಲ. ಆದರೆ ಹೆದ್ದಾರಿ ಎಲ್ಲಿ ಮುಗಿಯುತ್ತದೆ, ಮುಗಿದಲ್ಲಿ ವಾಹನಗಳು ಯಾರ ರಸ್ತೆಗೆ ಇಳಿಯುತ್ತವೆ, ಆ ಜಾಗವನ್ನು ನೋಡಿಕೊಳ್ಳಬೇಕಾದ ಕಚೇರಿ ಯಾವುದು ಎಂಬುದಕ್ಕೆ ಆ ಲೆಕ್ಕದ ಪುಸ್ತಕದಲ್ಲಿ ಅಂಕಣವೇ ಇಲ್ಲ. ಎಂಜಿನಿಯರುಗಳು ರಸ್ತೆಯ ನಡುಗೆರೆಗುಂಟ ಆರಂಭಬಿಂದುವಿನಿಂದ ಅಳೆದ ದೂರಕ್ಕೆ ಚೈನೇಜ್ ಎನ್ನುತ್ತಾರೆ. ಪ್ರತಿ ಗುತ್ತಿಗೆಯಲ್ಲೂ ಮೊದಲಿನ ಚೈನೇಜ್ ಮತ್ತು ಕೊನೆಯ ಚೈನೇಜ್ ನಮೂದಾಗಿರುತ್ತವೆ, ಕೊನೆಯ ಅಂಕಿ ಬಂದ ಕೂಡಲೇ ಗುತ್ತಿಗೆದಾರನೂ ಇಲಾಖೆಯೂ ಕೈತೊಳೆದುಕೊಳ್ಳುತ್ತಾರೆ. ಕಾಗದದ ಮೇಲಿನ ಆ ಅಂಕಿ ನೆಲದ ಮೇಲೆ ಒಂದು ಇಕ್ಕಟ್ಟಾದ ವೃತ್ತವೋ, ಹಳ್ಳಿಯ ರಸ್ತೆಯೋ, ಕುಸಿದ ಸೇತುವೆಯೋ ಆಗಿರಬಹುದೆಂಬುದೇ ಈ ಪತ್ರದ ಆಕ್ಷೇಪದ ಮೂಲ.

ಇಂಥ ಆಕ್ಷೇಪ ನಾಗಪುರದಿಂದ ಹೊರಡುವುದರಲ್ಲಿ ಒಂದು ಔಚಿತ್ಯವಿದೆ. 1943ರ ಡಿಸೆಂಬರಿನಲ್ಲಿ ಬ್ರಿಟಿಷ್ ಭಾರತದ ಪ್ರಾಂತಗಳ ಮುಖ್ಯ ಎಂಜಿನಿಯರುಗಳು ಇದೇ ಊರಿನಲ್ಲಿ ಸಭೆ ಸೇರಿ ರೂಪಿಸಿದ ಇಪ್ಪತ್ತು ವರ್ಷಗಳ ರಸ್ತೆ ಯೋಜನೆಗೆ ನಾಗಪುರ ಯೋಜನೆಯೆಂದೇ ಹೆಸರು. ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ದೊಡ್ಡ ಮತ್ತು ಚಿಕ್ಕ ಜಿಲ್ಲಾ ರಸ್ತೆಗಳು, ಗ್ರಾಮರಸ್ತೆ ಎಂದು ದೇಶದ ರಸ್ತೆಗಳನ್ನು ಮೊದಲ ಬಾರಿಗೆ ದರ್ಜೆಗಳಾಗಿ ವಿಂಗಡಿಸಿದ ಈ ಯೋಜನೆ, ನಕ್ಷತ್ರ ಮತ್ತು ಜಾಲ ಎಂಬ ವಿನ್ಯಾಸವನ್ನು, ಅಂದರೆ ನಗರದಿಂದ ಕಿರಣಗಳಂತೆ ಹೊರಡುವ ಮುಖ್ಯರಸ್ತೆಗಳನ್ನು ಅಡ್ಡರಸ್ತೆಗಳಿಂದ ಹೆಣೆಯುವ ಕ್ರಮವನ್ನು ಅನುಸರಿಸಿತು. ಕೃಷಿ ಬೆಳೆದ ಪ್ರದೇಶದ ಯಾವ ಹಳ್ಳಿಯೂ ಮುಖ್ಯರಸ್ತೆಯಿಂದ ಐದು ಮೈಲಿಗಿಂತ ದೂರ ಇರಬಾರದೆಂಬ ಗುರಿಯ ಹಿಂದಿದ್ದ ತಿಳಿವಳಿಕೆಯೆಂದರೆ ರಸ್ತೆ ಎಲ್ಲಿಯೂ ಸುಮ್ಮನೆ ನಿಲ್ಲುವುದಿಲ್ಲ, ಒಂದು ದರ್ಜೆಯ ರಸ್ತೆ ತನ್ನ ಸಂಚಾರವನ್ನು ಮತ್ತೊಂದು ದರ್ಜೆಯ ರಸ್ತೆಗೆ ಒಪ್ಪಿಸುತ್ತದೆ ಎಂಬುದು. ಎಂಬತ್ತು ವರ್ಷಗಳ ಮೇಲೆ ಅದೇ ನಾಗಪುರ ಆ ತಿಳಿವಳಿಕೆ ಮರೆತ ಉದಾಹರಣೆಗಳನ್ನು ಒದಗಿಸುತ್ತಿದೆ.

ಮೊದಲನೆಯದು ಸಮೃದ್ಧಿ ಮಹಾಮಾರ್ಗ. ನಾಗಪುರ–ಮುಂಬೈ ಎಂದು ಕರೆಯಲಾಗುವ 701 ಕಿ.ಮೀ. ಉದ್ದದ ಈ ದ್ರುತಗತಿ ಮಾರ್ಗ ನಾಗಪುರದಲ್ಲಿಯೂ ಇಲ್ಲ, ಮುಂಬೈಯಲ್ಲಿಯೂ ಇಲ್ಲ. ಅದರ ಒಂದು ತುದಿ ನಗರದ ಹೊರವಲಯದ ಶಿವಮಡಕಾ ಎಂಬ ಹಳ್ಳಿಯ ಬಳಿ, ಇನ್ನೊಂದು ತುದಿ ಠಾಣೆ ಜಿಲ್ಲೆಯ ಭಿವಂಡಿ ಸಮೀಪದ ಆಮಣೆಯಲ್ಲಿ. 2022ರ ಡಿಸೆಂಬರ್ 11ರಂದು ಶಿರಡಿಯವರೆಗಿನ 520 ಕಿ.ಮೀ. ತೆರೆದು, 2023ರ ಮೇ ತಿಂಗಳಲ್ಲಿ ಭರವೀರ್, 2024ರ ಮಾರ್ಚಿನಲ್ಲಿ ಇಗತಪುರಿ, 2025ರ ಜೂನ್ 5ರಂದು ಆಮಣೆ ಎಂದು ಎರಡೂವರೆ ವರ್ಷದಲ್ಲಿ ಅದರ ಕೊನೆ ನಾಲ್ಕು ಕಡೆ ಬಿಡಾರ ಹೂಡಿತು. ಪ್ರತಿ ಬಾರಿಯೂ ಉದ್ಘಾಟನೆ ನಡೆಯಿತು, ಪ್ರತಿ ಬಾರಿಯೂ ಗಂಟೆಗೆ 120 ಕಿ.ಮೀ. ವೇಗಕ್ಕೆ ಹೊಂದಿಕೊಂಡಿದ್ದ ಕಾರುಗಳು ಅಲ್ಲಲ್ಲಿನ ಹಳೆಯ ರಸ್ತೆಗಳಿಗೆ ಇಳಿದವು. ಕೊನೆಯ ಭಾಗ ತೆರೆದಾಗಲೂ, ಆಮಣೆಯಿಂದ ಮುಂದೆ ಮುಂಬೈ ಕಡೆಯ ವಾಹನಗಳನ್ನು ಹೊರಬೇಕಾದ ವಡಪೆ–ಠಾಣೆ ಹೆದ್ದಾರಿಯ ಅಗಲೀಕರಣ ಮುಗಿದಿರಲಿಲ್ಲ. ಎಂಟು ಗಂಟೆಯಲ್ಲಿ ಮುಂಬೈ ಎಂಬ ಜಾಹೀರಾತಿನ ಮಾತು ಶಿವಮಡಕಾ ಮತ್ತು ಆಮಣೆಗಳ ನಡುವಿನ ಕಾಲವನ್ನು ಎಣಿಸುತ್ತದೆಯೇ ಹೊರತು, ನಾಗಪುರದ ರಾಮದಾಸಪೇಠಿನ ಮನೆಯಿಂದ ಮುಂಬೈಯ ದಾದರಿನ ಮನೆಗೆ ಹಿಡಿಯುವ ಕಾಲವನ್ನು ಎಣಿಸುವುದಿಲ್ಲ.

ರಸ್ತೆ ನೆಲದ ಮೇಲೆ ಇದ್ದೂ ಕಡತದಲ್ಲಿ ಕೊನೆಗೊಳ್ಳುವುದು ಇನ್ನೊಂದು ಬಗೆ. ರಾಮದಾಸಪೇಠನ್ನು ಸವರಿಕೊಂಡು ಹೋಗುವ ವರ್ಧಾ ರಸ್ತೆಯನ್ನು ಹಿರಿಯರು ಇಂದಿಗೂ ಎನ್‌ಎಚ್ 7 ಎಂದೇ ಕರೆಯುತ್ತಾರೆ. ವಾರಾಣಸಿಯಿಂದ ಕನ್ಯಾಕುಮಾರಿಗೆ ಹೋಗುತ್ತಿದ್ದ ಆ ಹೆದ್ದಾರಿಯ ಸಂಖ್ಯೆ 2010ರ ಮರುಸಂಖ್ಯೆಯಲ್ಲಿ ಇಲ್ಲಿಂದ ಎದ್ದು ಪಂಜಾಬಿನ ಫಾಜಿಲ್ಕಾದಿಂದ ಹಿಮಾಲಯದ ಮಾಣಾ ಕಣಿವೆಗೆ ಹೋಗುವ ಮಾರ್ಗಕ್ಕೆ ಅಂಟಿಕೊಂಡಿತು. ನಾಗಪುರ, ಬಾಗೇಪಲ್ಲಿ, ಬೆಂಗಳೂರುಗಳನ್ನು ಹಾಯುವ ಉತ್ತರ–ದಕ್ಷಿಣ ಹೆದ್ದಾರಿ 44 ಆಯಿತು. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಯವರ ಬಾಯಲ್ಲಿ ಕುಳಿತಿದ್ದ ಎನ್‌ಎಚ್ 4 ಕೂಡ 48 ಆಗಿ, 4 ಎಂಬ ಅಂಕಿ ಸಮುದ್ರ ದಾಟಿ ಅಂಡಮಾನಿಗೆ ಹೋಗಿದೆ. ಉತ್ತರ–ದಕ್ಷಿಣ ಮಾರ್ಗಗಳ ಸಮಸಂಖ್ಯೆಗಳು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತವೆಂಬ ಹೊಸ ನಿಯಮದಂತೆ ಇದು ಸರಿಯೇ. ಸಂಖ್ಯೆ ಹೋದರೆ ಯಾರಿಗೂ ಗಾಯವಾಗುವುದಿಲ್ಲ ಎನ್ನಬಹುದು. ಆದರೆ ಬೈಪಾಸ್ ಬಂದ ಮೇಲೆ ನಗರದೊಳಗಿನ ಹಳೆಯ ಹೆದ್ದಾರಿಯನ್ನು ಒಂದು ಸಲ ದುರಸ್ತಿ ಮಾಡಿಸಿ ರಾಜ್ಯಕ್ಕೆ ಒಪ್ಪಿಸಿಬಿಡುವ ಪದ್ಧತಿಯಿರುವುದರಿಂದ, ಗುಂಡಿ ಬಿದ್ದಾಗ ದೂರನ್ನು ಹೆದ್ದಾರಿ ಪ್ರಾಧಿಕಾರಕ್ಕೆ ಕೊಡಬೇಕೋ, ಲೋಕೋಪಯೋಗಿ ಇಲಾಖೆಗೋ, ಪಾಲಿಕೆಗೋ ಎಂಬುದು ಸಾಮಾನ್ಯ ನಾಗರಿಕನಿಗೆ ತಿಳಿಯುವ ದಾರಿಯಿಲ್ಲ, ಏಕೆಂದರೆ ಒಬ್ಬರ ಹೊಣೆ ಮುಗಿದು ಇನ್ನೊಬ್ಬರದು ಶುರುವಾಗುವ ಜಾಗದಲ್ಲಿ ಒಂದು ಗೇಣು ಫಲಕವೂ ಇರುವುದಿಲ್ಲ.

ಮೂರನೆಯ ಬಗೆ ಅಪಾಯದ್ದು. 2023ರ ಸೆಪ್ಟೆಂಬರ್ 23ರಂದು ನಾಗಪುರದ ಅಂಬಾಝರಿ ಕೆರೆ ಕೋಡಿ ಹರಿದು ನಾಗ ನದಿ ಉಕ್ಕಿದಾಗ ಪಂಚಶೀಲ ಚೌಕದ ಸೇತುವೆ ಹಾಳಾಗಿ, ನಗರದ ನಟ್ಟನಡುವಿನ ಒಂದು ರಸ್ತೆ ನೀರಿನ ಅಂಚಿನಲ್ಲಿ ನಿಂತುಹೋಯಿತು. ಊರೊಳಗಿನ ಸೇತುವೆ ಕುಸಿದರೆ ನಾಲ್ಕು ಜನ ಕೂಡಲೇ ಹೇಳುತ್ತಾರೆ, ತಗಡಿನ ಅಡ್ಡಗಟ್ಟೆ ಬರುತ್ತದೆ, ಗಲ್ಲಿಗಳಲ್ಲಿ ವಾಹನ ಕಿಕ್ಕಿರಿದರೂ ಜೀವಕ್ಕೆ ಭಯವಿರುವುದಿಲ್ಲ. ಊರ ಹೊರಗೆ ಹೇಳುವವರು ಯಾರು? 2024ರ ನವೆಂಬರ್ 24ರಂದು ಉತ್ತರ ಪ್ರದೇಶದ ಬರೇಲಿ ಮತ್ತು ಬದಾಯೂಂ ಜಿಲ್ಲೆಗಳ ಗಡಿಯಲ್ಲಿ, ಹಿಂದಿನ ಪ್ರವಾಹದಲ್ಲಿ ಒಂದು ಬದಿ ಕೊಚ್ಚಿಹೋಗಿದ್ದ ರಾಮಗಂಗಾ ಸೇತುವೆಯ ಮೇಲೆ, ಮೊಬೈಲ್ ನಕ್ಷೆ ತೋರಿದ ದಾರಿ ಹಿಡಿದು ಬಂದ ಕಾರು ನದಿಗೆ ಉರುಳಿ ಮೂವರು ಸತ್ತರು. ಸೇತುವೆಯ ಬಾಯಲ್ಲಿ ಸರಿಯಾದ ತಡೆ ಇರಲಿಲ್ಲ, ನಕ್ಷೆಗೆ ಸುದ್ದಿ ಮುಟ್ಟಿರಲಿಲ್ಲ. ಬಹಳ ಜನ ನಕ್ಷೆಯ ಕಂಪನಿಯನ್ನು ಬೈದು ಸುಮ್ಮನಾದದ್ದು ಈ ಪ್ರಕರಣದ ದೊಡ್ಡ ಅನ್ಯಾಯ. ರಸ್ತೆ ಮುಗಿದಿದೆಯೆಂದು ಹೇಳಬೇಕಾದದ್ದು ಮೊದಲು ರಸ್ತೆಯ ಒಡೆಯ.

ರಸ್ತೆಯ ಕೊನೆಯನ್ನು ಹೇಗೆ ನಿರ್ವಹಿಸಬೇಕೆಂದು ಕಲಿಯಲು ವಿದೇಶಕ್ಕೆ ಹೋಗಬೇಕಿಲ್ಲ. ಅಮೆರಿಕ ಖಂಡಗಳನ್ನು ಹಾಯುವ ಪ್ಯಾನ್ ಅಮೆರಿಕನ್ ಹೆದ್ದಾರಿ ಪನಾಮಾದ ಯಾವಿಸಾ ಎಂಬಲ್ಲಿ ಡೇರಿಯನ್ ಕಾಡಿನ ಮುಂದೆ ನಿಂತು ಕೊಲಂಬಿಯಾದಲ್ಲಿ ಮತ್ತೆ ಹುಟ್ಟುವುದು ಪ್ರಸಿದ್ಧವಾದರೂ, ಕನ್ನಡಿಗರಿಗೆ ಹತ್ತಿರದ ಪಾಠ ಸಾಗರ ತಾಲ್ಲೂಕಿನ ಹೊಳೆಬಾಗಿಲಿನದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ನಿಲ್ಲಿಸಿದ ಮೇಲೆ ಸಿಗಂದೂರು, ತುಮರಿಗಳ ದಾರಿ ಅಂಬಾರಗೊಡ್ಲು ಬದಿಯಲ್ಲಿ ಹಿನ್ನೀರಿಗೆ ಇಳಿದು, ಕಳಸವಳ್ಳಿಯ ದಡದಲ್ಲಿ ಮತ್ತೆ ಮೇಲೇಳುತ್ತಿತ್ತು. ನಡುವೆ ಲಾಂಚು. ಚಪ್ಪಟೆಯಾದ ಆ ದೋಣಿಯ ಮೇಲೆ ಬಸ್ಸು, ಜೀಪು, ಬೈಕುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಸಂದುಗಳಲ್ಲಿ ಜನ ನಿಂತು, ಕೊಕ್ಕೆಯ ಸರಪಳಿ ಬಿಗಿದು ಹೊರಡುವ ಆ ವ್ಯವಸ್ಥೆಗೆ ವೇಳಾಪಟ್ಟಿಯಿತ್ತು, ಟಿಕೆಟ್ ಇತ್ತು, ಸಿಬ್ಬಂದಿಯಿದ್ದರು, ಒಳನಾಡು ಜಲಸಾರಿಗೆಯ ಇಲಾಖೆಯೊಂದು ಅದಕ್ಕೆ ಉತ್ತರ ಹೇಳುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನಗಳನ್ನು ಹತ್ತಿಸದ ದಿನಗಳೂ ಬರುತ್ತಿದ್ದವು, ರಾತ್ರಿ ಕಾಯಿಲೆ ಬಿದ್ದವರನ್ನು ದಡ ಮುಟ್ಟಿಸುವುದು ಹರಸಾಹಸವಾಗುತ್ತಿತ್ತು. ನಾಡಿಗೆ ಬೆಳಕು ಕೊಡಲು ಮುಳುಗಿದವರಿಗೆ ಸೇತುವೆ ಕೊಡಲು ಸರ್ಕಾರಗಳು ಆರು ದಶಕ ತೆಗೆದುಕೊಂಡದ್ದು ನಾಚಿಕೆಗೇಡು. 2025ರ ಜುಲೈ 14ರಂದು ಸುಮಾರು 2.4 ಕಿ.ಮೀ. ಉದ್ದದ ಕೇಬಲ್ ಆಧಾರಿತ ಸೇತುವೆ ಉದ್ಘಾಟನೆಯಾಗಿ ಆ ಕಷ್ಟ ತೀರಿದೆ. ಅಷ್ಟಾದರೂ ಒಪ್ಪಬೇಕಾದ ಮಾತೆಂದರೆ, ಬಡ ರಸ್ತೆಯೊಂದರ ಆ ಕೊನೆ ಇಂದಿನ ಕೋಟ್ಯಂತರ ರೂಪಾಯಿಯ ಹೆದ್ದಾರಿಗಳ ಕೊನೆಗಿಂತ ಅಚ್ಚುಕಟ್ಟಾಗಿತ್ತು, ಏಕೆಂದರೆ ಅದು ಒಬ್ಬರ ಕೆಲಸವಾಗಿತ್ತು.

ಬಂಡೀಪುರ ಕಾಡಿನ ರಸ್ತೆಯ ಕೊನೆಯೂ ಹೀಗೆಯೇ ಅಚ್ಚುಕಟ್ಟು. ಕೋಯಿಕ್ಕೋಡ್–ಕೊಳ್ಳೇಗಾಲ ಹೆದ್ದಾರಿ 766, ಹಳೆಯ ಸಂಖ್ಯೆಯಲ್ಲಿ 212, ವನ್ಯಜೀವಿಗಳ ಸಾವು ತಪ್ಪಿಸಲು 2009ರಿಂದ ಆ ಕಾಡಿನ ಅಂಚಿನಲ್ಲಿ ಪ್ರತಿ ರಾತ್ರಿ 9ಕ್ಕೆ ಮುಗಿದು ಬೆಳಿಗ್ಗೆ 6ಕ್ಕೆ ಮತ್ತೆ ಆರಂಭವಾಗುತ್ತದೆ. ಕೆಲವೇ ಬಸ್ಸುಗಳಿಗೂ ತುರ್ತು ವಾಹನಗಳಿಗೂ ವಿನಾಯಿತಿ. ಈ ನಿರ್ಬಂಧ ಬೇಕೇ ಬೇಡವೇ ಎಂದು ವಯನಾಡಿನವರೂ ಪರಿಸರವಾದಿಗಳೂ ಜಗಳವಾಡುತ್ತಲೇ ಇದ್ದಾರೆ, ಆದರೆ ರಸ್ತೆ ಎಷ್ಟು ಹೊತ್ತಿಗೆ ಎಲ್ಲಿ ಮುಗಿಯುತ್ತದೆಂಬುದರಲ್ಲಿ ಯಾವ ಚಾಲಕನಿಗೂ ಅನುಮಾನವಿಲ್ಲ. ಹೋಲಿಕೆಗೆ ಬೆಂಗಳೂರಿನ ಈಜೀಪುರ ಮೇಲ್ಸೇತುವೆಯನ್ನು ನೋಡಬಹುದು: 2017ರಲ್ಲಿ ಶುರುವಾಗಿ, 2022ರಲ್ಲಿ ಗುತ್ತಿಗೆ ರದ್ದಾಗಿ, ವರ್ಷಗಟ್ಟಲೆ ಬರಿ ಕಂಬಗಳಾಗಿ ನಿಂತ ಅದು ಎಲ್ಲಿ ಮುಗಿಯುತ್ತದೆಂದು ಹೇಳಲು ಅದು ಮೊದಲು ರಸ್ತೆಯಾಗಬೇಕಿತ್ತು.

ಈ ಮಾತುಗಳನ್ನು ಈಗಲೇ ಎತ್ತಲು ಕಾರಣ, ನಾಗಪುರ–ಗೋವಾ ಶಕ್ತಿಪೀಠ ಮಹಾಮಾರ್ಗ. ಮೊದಲು ಪ್ರಕಟವಾದ ಯೋಜನೆಯಂತೆ ಸುಮಾರು 802 ಕಿ.ಮೀ. ಉದ್ದದ ಈ ಮಾರ್ಗವೂ ನಾಗಪುರದಿಂದ ಹೊರಡುವುದಿಲ್ಲ, ವರ್ಧಾ ಜಿಲ್ಲೆಯ ಪವನಾರಿನಿಂದ ಹೊರಡುತ್ತದೆ. ಗೋವಾದ ಒಳಕ್ಕೆ ಹೋಗುವುದಿಲ್ಲ, ಗಡಿಯ ಪತ್ರಾದೇವಿಯಲ್ಲಿಯೇ ನಿಲ್ಲುತ್ತದೆ. ಕೊಲ್ಹಾಪುರ, ಸಾಂಗ್ಲಿ ಕಡೆಯ ರೈತರು ಭೂಸ್ವಾಧೀನವನ್ನು ವಿರೋಧಿಸುತ್ತಿದ್ದಾರೆ, ಮಾರ್ಗದ ಬದಲಾವಣೆಯ ಮಾತುಗಳೂ ನಡೆದಿವೆ. ಆ ವಾದದ ನ್ಯಾಯಾನ್ಯಾಯ ಬೇರೆ. ರೈತನ ಒಂದು ಗುಂಟೆ ಜಮೀನು ತೆಗೆದುಕೊಳ್ಳುವ ಮುನ್ನ, ಪತ್ರಾದೇವಿಯಲ್ಲಿ ಇಳಿಯುವ ವಾಹನಗಳನ್ನು ಗೋವಾದ ಯಾವ ರಸ್ತೆ ಎಷ್ಟು ಅಗಲದಲ್ಲಿ ಸ್ವೀಕರಿಸುತ್ತದೆ, ಅದನ್ನು ಯಾರು ಯಾವ ವರ್ಷದೊಳಗೆ ಕಟ್ಟುತ್ತಾರೆ ಎಂಬ ಒಪ್ಪಂದವನ್ನು ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮ ಜನರ ಮುಂದಿಡಬೇಕು. ಪವನಾರಿನ ತುದಿಗೂ ಇದೇ ಅನ್ವಯಿಸಬೇಕು. ಸ್ವೀಕರಿಸುವ ರಸ್ತೆ ಸಿದ್ಧವಾಗದ ಹೆದ್ದಾರಿಯ ಕಡೆಯ ಭಾಗವನ್ನು ಸಚಿವಾಲಯವಾಗಲಿ ನಿಗಮವಾಗಲಿ ಪೂರ್ಣಗೊಂಡ ಕಿಲೋಮೀಟರುಗಳ ಪಟ್ಟಿಗೆ ಸೇರಿಸಬಾರದು. ಮುಚ್ಚಿದ ಸೇತುವೆಯ ಸುದ್ದಿಯನ್ನು ಅದೇ ದಿನ ಪೊಲೀಸರಿಗೂ ನಕ್ಷೆ ಕಂಪನಿಗಳಿಗೂ ತಲುಪಿಸುವ ಅಧಿಕಾರಿಯ ಹುದ್ದೆ ಮತ್ತು ದೂರವಾಣಿ ಸಂಖ್ಯೆಯನ್ನು ಪ್ರತಿ ಜಿಲ್ಲೆಯಲ್ಲಿ ಪ್ರಕಟಿಸಬೇಕು. ಶಿವಮಡಕಾದಿಂದಲೇ ಇದನ್ನು ಆರಂಭಿಸಲು ಅಡ್ಡಿಯೇನೂ ಕಾಣುವುದಿಲ್ಲ.

ಇತಿ,
ಓದುಗರೊಬ್ಬರು
ರಾಮದಾಸಪೇಠ್, ನಾಗಪುರ