ಕೂರಿಗೆಯೂ ಹದವೂ

ವಿಜಯಪುರ ಜಿಲ್ಲೆಯ ತಾಂಬಾ ಕಪ್ಪು ಮಣ್ಣಿನ ಸೀಮೆಯ ಊರು. ಹಿಂಗಾರಿಯ ಬಿಳಿಜೋಳ ಈ ಸೀಮೆಯ ಜೀವಾಳ. ಬಿತ್ತನೆಯ ಕಾಲ ಬಂದಾಗ ಇಲ್ಲಿಯ ರೈತನು ಕೂರಿಗೆ ಹೂಡುವ ಮೊದಲು ಒಂದು ಹಿಡಿ ಮಣ್ಣನ್ನು ಹಿಸುಕಿ ನೋಡುತ್ತಾನೆ. ಬೀಜವನ್ನು ಸಾಲಾಗಿ ಬಿಡುವುದು ಕೂರಿಗೆಯ ಕೆಲಸ. ಹದವನ್ನು ಅರಿಯುವುದು ರೈತನ ಕೆಲಸ. ಶಾಲೆಗೆ ಇಂದು ಬರುತ್ತಿರುವ ಹೊಸ ಯಂತ್ರಗಳಿಗೂ ಈ ಮಾತು ಸಲ್ಲುತ್ತದೆ.

ಪಾಠಕ್ಕೆ ಯಂತ್ರದ ನೆರವು ಈ ಜಿಲ್ಲೆಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಭಾರತವು ಅಮೆರಿಕೆಯ ಎಟಿಎಸ್-6 ಉಪಗ್ರಹದ ಮೂಲಕ ದೂರದರ್ಶನ ಶಿಕ್ಷಣದ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದಕ್ಕೆ ಆಯ್ಕೆಯಾಗಿದ್ದವು. ಕರ್ನಾಟಕದಲ್ಲಿ ಆ ಹಳ್ಳಿಗಳು ಅಂದಿನ ಬಿಜಾಪುರ, ಗುಲಬರ್ಗಾ ಹಾಗೂ ರಾಯಚೂರು ಜಿಲ್ಲೆಗಳಲ್ಲಿದ್ದವು. ಬೆಳಗ್ಗೆ ಶಾಲಾಮಕ್ಕಳಿಗೆ, ಸಂಜೆ ಹಿರಿಯರಿಗೆ ಕಾರ್ಯಕ್ರಮಗಳು ಪ್ರಸಾರವಾದವು. ವರ್ಷ ತುಂಬುತ್ತಲೇ ಉಪಗ್ರಹ ಹಿಂದಿರುಗಿತು. ಆದರೆ ಪ್ರಯೋಗವನ್ನು ರೂಪಿಸಿದವರು ದೂರದೃಷ್ಟಿಯುಳ್ಳವರು. ಅದೇ ದೂರದರ್ಶನದಿಂದ ಸಾವಿರಾರು ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಕೊಡಿಸಿದ್ದರು. ಪರದೆಯ ಚಿತ್ರ ಮಾಸಬಹುದು. ಶಿಕ್ಷಕನು ಗಳಿಸಿದ ಕೌಶಲ ಮಾಸದು.

ಇಂದಿನ ಕೃತಕ ಬುದ್ಧಿಮತ್ತೆ ಅಂದಿನ ದೂರದರ್ಶನದಂತಲ್ಲ. ಅದು ತಾನೇ ಹೇಳಿ ಸುಮ್ಮನಾಗುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಪ್ರಬಂಧವನ್ನೂ ಬರೆಯುತ್ತದೆ. ಅಪಾರವಾದ ಬರಹಗಳಿಂದ ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನು ಕಲಿತು ಅದು ವಾಕ್ಯ ಕಟ್ಟುತ್ತದೆ. ಆದುದರಿಂದ ಅದರ ಮಾತು ಸದಾ ನಯವಾಗಿರುತ್ತದೆ, ಸದಾ ನಿಜವಾಗಿರುವುದಿಲ್ಲ. ಅದು ಕಲಿತ ಬರಹಗಳಲ್ಲಿ ಇಂಗ್ಲಿಷಿನ ಪಾಲು ದೊಡ್ಡದು, ಕನ್ನಡದ್ದು ಅತ್ಯಲ್ಪ. ಶರಣರೊಬ್ಬರ ವಚನ ಬೇಕೆಂದರೆ ಅವರು ನುಡಿಯದ ಸಾಲುಗಳನ್ನು ಹೆಣೆದು ಅವರ ಅಂಕಿತವನ್ನೇ ಹಚ್ಚಿ ಕೊಡಲೂಬಹುದು.

ಇದೇ ಜಿಲ್ಲೆಯಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಹುಡುಕಿ ಊರೂರು ಅಲೆದರು. ಪ್ರತಿಗಳನ್ನು ಓದಿ ಪರಿಶೀಲಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಸಿಕ್ಕಿದ್ದನ್ನೆಲ್ಲ ನಂಬದೆ ಒರೆಗೆ ಹಚ್ಚುವ ಆ ಶ್ರಮವೇ ವಿದ್ಯೆ. ಶ್ರಮವನ್ನು ಬಿಟ್ಟು ಫಲವನ್ನು ಮಾತ್ರ ಬಯಸುವ ವಿದ್ಯಾರ್ಥಿಗೆ ಉತ್ತರ ದೊರೆಯುತ್ತದೆ, ವಿದ್ಯೆ ದೊರೆಯುವುದಿಲ್ಲ.

ಹಾಗೆಂದು ಯಂತ್ರವನ್ನು ಶಾಲೆಯಿಂದ ಹೊರಗಟ್ಟಬೇಕೆನ್ನುವುದು ಸರಿಯಲ್ಲ. ಶಾಲೆ ಬಾಗಿಲು ಮುಚ್ಚಿದರೂ ಅದು ಮೊಬೈಲಿನೊಳಗೆ ಮನೆ ಸೇರಿದೆ. ಮೊಬೈಲಿಲ್ಲದ ಮನೆಯ ಮಗುವಂತೂ ಅದರ ಬಳಕೆಯನ್ನು ಶಾಲೆಯಲ್ಲಲ್ಲದೆ ಮತ್ತೆಲ್ಲಿ ಕಲಿಯಬೇಕು? ಬೇಕಾದುದು ನಿಷೇಧವಲ್ಲ, ಕ್ರಮ. ತರಗತಿಯಲ್ಲಿ ಇದನ್ನು ಬಳಸುವವರಿಗೆ ಕನಿಷ್ಠ 13 ವರ್ಷ ವಯಸ್ಸಾಗಿರಬೇಕೆಂದು ಯುನೆಸ್ಕೋ ಸಂಸ್ಥೆ 2023ರಲ್ಲಿ ಸೂಚಿಸಿತು. ಎಳೆಯರಿಗೆ ಮೊದಲು ಓದು, ಬರಹ, ಲೆಕ್ಕ ಸ್ವಂತದ್ದಾಗಬೇಕು. ಹಿರಿಯ ವಿದ್ಯಾರ್ಥಿ ಮೊದಲು ತಾನೇ ಬರೆಯಲಿ. ಬಳಿಕ ಯಂತ್ರವನ್ನು ಕೇಳಲಿ. ಕೊನೆಗೆ ಎರಡನ್ನೂ ಗುರುವಿನ ಮುಂದಿಟ್ಟು ಚರ್ಚಿಸಲಿ.

ಬಿಳಿಜೋಳವನ್ನು ಎಂದು ಬಿತ್ತಬೇಕೆಂದು ತರಗತಿಯಲ್ಲಿ ಯಂತ್ರವನ್ನು ಕೇಳಬಹುದು. ಅದೇ ಪ್ರಶ್ನೆಯನ್ನು ಮಕ್ಕಳು ಮನೆಯಲ್ಲಿ ಅಜ್ಜನಿಗೂ ಕೇಳಲಿ. ಯಂತ್ರವು ತಿಂಗಳನ್ನು ಹೇಳೀತು. ಅಜ್ಜನು ಉತ್ತರೆ ಮಳೆ, ಹಸ್ತ ಮಳೆಗಳ ಮಾತು ತೆಗೆದು, ನೆಲದ ತೇವವನ್ನು ನೋಡೆಂದಾನು. ಈ ಎರಡು ಉತ್ತರಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ, ಏಕೆ ಎಂದು ವಿಚಾರಿಸುವಾಗಲೇ ಪಾಠ ಪ್ರಾರಂಭವಾಗುತ್ತದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಕಣ್ಣಿನಿಂದ ಕಂಡುದಕ್ಕೇ ಈ ಎಚ್ಚರ ಬೇಕಾದರೆ, ಯಂತ್ರ ನುಡಿದುದಕ್ಕೆ ಇನ್ನೆಷ್ಟು ಬೇಕು! ಕೂರಿಗೆ ಶಾಲೆಗೂ ಬರಲಿ. ಮಣ್ಣನ್ನು ಹಿಸುಕಿ ನೋಡುವ ಕೈ ಮಾತ್ರ ಮನುಷ್ಯನದಾಗಿಯೇ ಉಳಿಯಲಿ.