ಸುಣ್ಣಗಲ್ಲಿನ ನಾಡಿನಲ್ಲಿ ನಾಯಕತ್ವದ ಪ್ರಶ್ನೆ

ಲೋಕದ ಭವಿಷ್ಯವನ್ನು ಕುರಿತು ಚಿಂತಿಸುವವರೆಲ್ಲರೂ ಇಂದು ಎರಡು ಮಾತುಗಳನ್ನು ತಪ್ಪದೆ ಆಡುತ್ತಾರೆ: ಸಮರ್ಥರಾದ ನಾಯಕರು ಬೇಕು, ವ್ಯವಸ್ಥೆ ಬದಲಾಗಬೇಕು. ಈ ಎರಡಕ್ಕೂ ಇರುವ ಸಂಬಂಧವೇನು, ನಾಯಕನಾದವನು ವ್ಯವಸ್ಥೆಯನ್ನು ತಿದ್ದುವನೋ, ಅಥವಾ ವ್ಯವಸ್ಥೆಯೇ ತನಗೆ ಒಪ್ಪುವಂಥ ನಾಯಕರನ್ನು ಆರಿಸಿಕೊಂಡು ತನ್ನ ದಾರಿಯಲ್ಲಿ ತಾನು ಸಾಗುವುದೋ ಎಂಬ ವಿಚಾರ ಮಾತ್ರ ಸಭೆಗಳಲ್ಲಿ ವಿರಳವಾಗಿ ಕೇಳಿಬರುತ್ತದೆ. ಪ್ರಪಂಚದ ಮಟ್ಟದಲ್ಲಿ ಈ ಪ್ರಶ್ನೆಯನ್ನೆತ್ತಿದರೆ ಉತ್ತರವು ಬರಿಯ ಸದಾಶಯದಲ್ಲಿ ಮುಗಿದುಹೋಗುವ ಭಯವುಂಟು; ಆದಕಾರಣ ಅದನ್ನು ನೆಲದ ಮೇಲಿಳಿಸಿ, ಕಲಬುರಗಿ ಜಿಲ್ಲೆಯ ಪೂರ್ವಭಾಗದಲ್ಲಿ ಭೀಮಾ, ಕಾಗಿಣಾ, ಮುಲ್ಲಾಮಾರಿ ನದಿಗಳ ಆಸುಪಾಸಿನಲ್ಲಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯಲ್ಲಿಟ್ಟು ಪರೀಕ್ಷಿಸುವುದು ಲೇಸು.

ಈ ಸೀಮೆಗೆ ಸಂಪತ್ತಿನ ಕೊರತೆಯಿದೆಯೆಂದು ಯಾರೂ ಹೇಳಲಾರರು. ಮೇಲೆ ತೊಗರಿ ಬೆಳೆಯುವ ಕಪ್ಪು ನೆಲ, ಕೆಳಗೆ ಪದರ ಪದರವಾಗಿ ಹಾಸಿದ ಸುಣ್ಣಗಲ್ಲು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿಯೇ ರೈಲು ಓಡಿತು. ಶಹಾಬಾದಿನ ಪರಸಿ ಕಲ್ಲು ಆ ಹಳಿಗಳ ಮೇಲೆ ಹೊರಟು ದೂರದೂರದ ನಗರಗಳ ಮನೆಗಳಿಗೆ ನೆಲಹಾಸಾಯಿತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಎಂಬ ಒಂದೇ ಸಂಸ್ಥೆಯಾದಾಗ ಅವುಗಳಲ್ಲಿ ಶಹಾಬಾದಿನದೂ ಒಂದಾಗಿತ್ತು. ನಾಯಕರಿಗೂ ಇಲ್ಲಿ ಕೊರತೆಯಿರಲಿಲ್ಲ. ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ ರಾಜ್ಯದ ಮುಖ್ಯಮಂತ್ರಿಗಳಾದರು; ನೆರೆಯ ತಾಲೂಕುಗಳಿಂದಲೂ ರಾಜ್ಯವನ್ನೂ ರಾಷ್ಟ್ರೀಯ ಪಕ್ಷಗಳನ್ನೂ ನಡೆಸಿದ ಮಹನೀಯರು ಬಂದರು. ಇಷ್ಟಿದ್ದೂ, ಪ್ರಾದೇಶಿಕ ಅಸಮತೋಲನವನ್ನು ಕುರಿತು ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ವರದಿ ಒಪ್ಪಿಸಿದಾಗ, ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿಯಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಇದ್ದವು. ಧನವೂ ಇದ್ದು ಜನನಾಯಕರೂ ಇದ್ದು ಜನರು ಹಿಂದುಳಿದರೆಂದಮೇಲೆ, ದೋಷವನ್ನು ವ್ಯಕ್ತಿಗಳ ಯೋಗ್ಯತೆಯಲ್ಲಿ ಹುಡುಕುವುದು ವ್ಯರ್ಥ. ನೆಲದಿಂದ ಹೊರಟ ಸಂಪತ್ತು ನೆಲದವರ ಬಳಿಗೆ ಮರಳಿ ಬರುವ ಮಾರ್ಗವನ್ನೇ ಯಾರೂ ಕಟ್ಟಲಿಲ್ಲವೆಂಬುದನ್ನು ಒಪ್ಪಬೇಕಾಗುತ್ತದೆ.

ಮಾರ್ಗವನ್ನು ಕಟ್ಟುವುದೇ ನಾಯಕತ್ವದ ಮುಖ್ಯ ಕಾರ್ಯವೆಂಬ ವಿಚಾರಕ್ಕೆ ಇದೇ ಸೀಮೆಯಲ್ಲಿ ಬಹು ಪ್ರಾಚೀನವಾದ ಸಾಕ್ಷಿಯೊಂದುಂಟು. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಭೀಮಾ ತೀರದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಕಾ ಮೂರ್ತಿಯ ಪೀಠವಾಗಿ ಬಳಕೆಯಾಗಿದ್ದ ಶಿಲೆಯ ಮೇಲೆ ಅಶೋಕನ ಶಾಸನಗಳಿರುವುದು 1980ರ ದಶಕದಲ್ಲಿ ಬೆಳಕಿಗೆ ಬಂತು. ಸಮೀಪದ ಕನಗನಹಳ್ಳಿಯ ಸ್ತೂಪದ ಅವಶೇಷಗಳಲ್ಲಿ ಅಶೋಕನ ಹೆಸರನ್ನೇ ಕೊರೆದ ಆತನ ಶಿಲ್ಪವೂ ದೊರೆಯಿತು. ಸನ್ನತಿಯ ಶಿಲೆಯಲ್ಲಿರುವವುಗಳಲ್ಲಿ ಎರಡು, ಕಳಿಂಗದ ಧೌಲಿ ಮತ್ತು ಜೌಗಡಗಳಿಂದ ವಿದ್ವಾಂಸರಿಗೆ ಪರಿಚಿತವಾಗಿದ್ದ ವಿಶೇಷ ಶಾಸನಗಳು. ಪ್ರಜೆಗಳೆಲ್ಲರನ್ನೂ ತನ್ನ ಮಕ್ಕಳಂತೆ ಕಾಣುವುದಾಗಿ ಅರಸನು ಅವುಗಳಲ್ಲಿ ಹೇಳುವುದನ್ನು ನಾವು ಮೆಚ್ಚಿ ಉದ್ಧರಿಸುವುದುಂಟು. ಆದರೆ ಆ ಭಾವವನ್ನು ಪ್ರಕಟಿಸಿ ಅವನು ಅಲ್ಲಿಗೆ ನಿಲ್ಲಲಿಲ್ಲವೆಂಬ ಅಂಶವೇ ನಮ್ಮ ಪ್ರಸ್ತುತ ವಿಚಾರಕ್ಕೆ ಹೆಚ್ಚು ಮುಖ್ಯವಾದುದು. ನ್ಯಾಯವಿಚಾರಣೆ ನಡೆಸುವ ಅಧಿಕಾರಿಗಳನ್ನು ಸಂಬೋಧಿಸಿ, ಕಾರಣವಿಲ್ಲದೆ ಸೆರೆಗೆ ಬೀಳುವವರುಂಟು, ಅಸೂಯೆ ಕೋಪ ಅವಸರ ಆಲಸ್ಯಗಳಿಂದ ನ್ಯಾಯ ಕೆಡುತ್ತದೆ, ಎಚ್ಚರವಾಗಿರಿ ಎಂದು ವಿಧಿಸಿ, ಆ ಆಜ್ಞೆಯನ್ನು ನಿಯತವಾದ ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕೆಂದೂ, ಐದು ವರ್ಷಕ್ಕೊಮ್ಮೆ ಅಧಿಕಾರಿಯೊಬ್ಬನು ಸಂಚಾರ ಹೊರಟು ಅದು ಪಾಲನೆಯಾಗುತ್ತಿದೆಯೇ ಎಂದು ನೋಡಿಬರಬೇಕೆಂದೂ ಅವನು ಗೊತ್ತುಮಾಡಿದನು. ಸತ್ಸಂಕಲ್ಪ, ಅದನ್ನು ನಡೆಸಬೇಕಾದವರ ಹೊಣೆ, ಆ ಹೊಣೆಯ ಸಾರ್ವಜನಿಕ ಸ್ಮರಣೆ, ಅದರ ಕಾಲಬದ್ಧ ಪರೀಕ್ಷೆ ಇವೆಲ್ಲವೂ ಒಂದೇ ಶಿಲೆಯ ಮೇಲೆ ಕೂಡಿವೆ. ಎರಡು ಸಾವಿರದ ಇನ್ನೂರಕ್ಕೂ ಮಿಕ್ಕ ವರ್ಷಗಳ ಬಳಿಕ ನಮ್ಮ ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿ ಹಲವು ಮೊದಲನೆಯದನ್ನು ಮಾತ್ರ ಇಟ್ಟುಕೊಂಡು ಉಳಿದ ಮೂರನ್ನೂ ಸಡಿಲವಾಗಿ ಬಿಟ್ಟಿವೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇನ್ನು ವರ್ತಮಾನಕ್ಕೆ ಬರೋಣ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳ ಎತ್ತರದ ಗೋಪುರಗಳಲ್ಲಿ ನಡೆಯುವ ಕ್ರಿಯೆಯ ಸ್ವರೂಪವನ್ನು ತಿಳಿಯದೆ ಈ ಸೀಮೆಗೂ ಲೋಕದ ಹವೆಗೂ ಇರುವ ಸಂಬಂಧ ತಿಳಿಯದು. ಸುಣ್ಣಗಲ್ಲನ್ನು ಸುಮಾರು 900 ಡಿಗ್ರಿ ಉಷ್ಣದಲ್ಲಿ ಕಾಯಿಸಿದಾಗ ಅದು ಒಡೆದು ಸುಣ್ಣವಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಬೇರ್ಪಡುತ್ತದೆ. ಆಮೇಲೆ ಸುಮಾರು 1450 ಡಿಗ್ರಿಯವರೆಗೆ ಬೆಂದು, ಸಿಮೆಂಟಿಗೆ ಮೂಲವಾದ ಕ್ಲಿಂಕರ್ ಎಂಬ ಗಟ್ಟಿ ಪದಾರ್ಥವಾಗುತ್ತದೆ. ಒಂದು ಟನ್ ಶುದ್ಧ ಸುಣ್ಣಗಲ್ಲಿನಿಂದ ಹೀಗೆ ಹೊರಬೀಳುವ ಅನಿಲವೇ ಸುಮಾರು 440 ಕಿಲೋಗ್ರಾಂ. ಕ್ಲಿಂಕರ್ ತಯಾರಿಕೆಯಲ್ಲಿ ಹೊಮ್ಮುವ ಇಂಗಾಲದ ಅರ್ಧಕ್ಕಿಂತ ಹೆಚ್ಚು ಭಾಗ ಕಲ್ಲಿದ್ದಲಿನಿಂದ ಬರುವುದಲ್ಲ, ಕಲ್ಲಿನೊಡಲಿನಿಂದಲೇ ಬರುವುದು. ಕಾರ್ಖಾನೆಯ ಒಡೆಯನು ಎಷ್ಟೇ ಧರ್ಮಿಷ್ಠನಾಗಿರಲಿ, ತನ್ನ ಕುಲುಮೆಗೆ ಸೂರ್ಯನ ಶಕ್ತಿಯನ್ನೇ ತಂದು ಜೋಡಿಸಲಿ, ಹಳೆಯ ಪಾಕದಂತೆ ಸಿಮೆಂಟನ್ನು ಮಾಡುವವರೆಗೆ ಆ ಅನಿಲವನ್ನು ತಡೆಯಲಾರನು. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟಿನದು. ಸಿಮೆಂಟ್ ಉತ್ಪಾದನೆಯಲ್ಲಿ ಭಾರತವು ಚೀನದ ನಂತರ ಎರಡನೆಯ ಸ್ಥಾನದಲ್ಲಿದೆ. ಬಡವರಿಗೆ ಮನೆಯನ್ನೂ ಊರಿಗೆ ಸೇತುವೆಯನ್ನೂ ಕಟ್ಟಬೇಕಾದ ದೇಶವು ಸಿಮೆಂಟನ್ನೇ ತ್ಯಜಿಸಲಿ ಎನ್ನುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ.

ಹಾಗಾದರೆ ಬದಲಾಗಬೇಕಾದುದು ಪಾಕ. ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ನಮ್ಮ ಐಐಟಿಗಳ ವಿದ್ವಾಂಸರು ಕೂಡಿ ರೂಪಿಸಿದ, ಕಾಯಿಸಿದ ಜೇಡಿಯನ್ನೂ ಕಾಯಿಸದ ಸುಣ್ಣಗಲ್ಲಿನ ಪುಡಿಯನ್ನೂ ಬೆರಸುವ ಹೊಸ ಸಿಮೆಂಟಿನಲ್ಲಿ ಕ್ಲಿಂಕರಿನ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸಬಹುದು. ಇಂಗಾಲವೂ ಶೇಕಡಾ 30ರಿಂದ 40ರಷ್ಟು ಕಡಿಮೆಯಾಗುತ್ತದೆ. ಇದಕ್ಕೆ ಉತ್ಕೃಷ್ಟವಾದ ಕಲ್ಲೇ ಬೇಕೆಂಬ ನಿಯಮವಿಲ್ಲ. ಸಾಮಾನ್ಯವಾಗಿ ಕೆಲಸಕ್ಕೆ ಬಾರದೆಂದು ಬದಿಗೆ ಸುರಿಯುವ ಕೆಳದರ್ಜೆಯ ಸುಣ್ಣಗಲ್ಲೂ ಒದಗುತ್ತದೆ. ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಇದಕ್ಕೆ ಐಎಸ್ 18189 ಎಂಬ ಮಾನಕವನ್ನು ಪ್ರಕಟಿಸಿತು. ಯಾವ ವೇದಿಕೆಯ ಮೇಲೂ ಕಾಣಿಸಿಕೊಳ್ಳದ, ಆ ಮಾನಕವನ್ನು ರೂಪಿಸಿದ ಸಮಿತಿಯ ಸದಸ್ಯರು ಬರೆದ ಕೆಲವು ಪುಟಗಳಿಗೆ ನೂರು ಭಾಷಣಗಳಿಗಿಲ್ಲದ ಶಕ್ತಿಯಿದೆಯೆಂದು ನಾನು ನಂಬುತ್ತೇನೆ; ಏಕೆಂದರೆ ಮಾನಕವಿಲ್ಲದ ವಸ್ತುವನ್ನು ಯಾವ ಅಭಿಯಂತರನೂ ಸರ್ಕಾರಿ ಕಟ್ಟಡಕ್ಕೆ ಬಳಸುವ ಧೈರ್ಯ ಮಾಡನು. ಆದರೆ ಮಾನಕವು ಅನುಮತಿಯನ್ನು ಮಾತ್ರ ಕೊಡುತ್ತದೆ, ಬೇಡಿಕೆಯನ್ನು ಹುಟ್ಟಿಸುವುದಿಲ್ಲ. ಲೋಕೋಪಯೋಗಿ ಇಲಾಖೆಯೂ ನೀರಾವರಿ ನಿಗಮಗಳೂ ತಮ್ಮ ಟೆಂಡರಿನ ಷರತ್ತುಗಳಲ್ಲಿ ಇಂತಿಷ್ಟು ಭಾಗ ಅಲ್ಪ ಇಂಗಾಲದ ಸಿಮೆಂಟೇ ಆಗಿರತಕ್ಕದ್ದೆಂದು ಒಂದು ವಾಕ್ಯ ಸೇರಿಸಿದ ದಿನ, ವಾಡಿಯ ಕುಲುಮೆಯ ಸ್ವಭಾವ ತಾನಾಗಿ ಬದಲಾಗತೊಡಗುತ್ತದೆ. ಆ ವಾಕ್ಯವನ್ನು ಬರೆಯಿಸುವವನೇ ಈ ಯುಗದ ನಾಯಕ. ಅವನು ಮಂತ್ರಿಯೇ ಆಗಿರಬೇಕೆಂದಿಲ್ಲ, ಅಧೀಕ್ಷಕ ಅಭಿಯಂತರನೂ ಆಗಿರಬಹುದು.

ಹವೆಯ ಮಾತಾಯಿತು; ಕಲ್ಲು ತೆಗೆದ ನೆಲದ ಮಾತು ಇದಕ್ಕಿಂತ ನೋವಿನದು. ಸುಣ್ಣಾಂಶ ಬೆರೆತ ಈ ಕಪ್ಪು ಮಣ್ಣಿನಲ್ಲಿ ಬೆಳೆಯುವ ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಲಭಿಸಿತು. ತೊಗರಿಯು ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ, ಮಳೆಯಾಶ್ರಿತ ರೈತನನ್ನು ತಲೆಮಾರುಗಳಿಂದ ಸಲಹಿದ ಬೆಳೆ; ನೆಟೆ ರೋಗ ಬಿದ್ದ ವರ್ಷ ಅವನು ಅತ್ತರೂ ಮರುವರ್ಷ ಮತ್ತೆ ಬಿತ್ತುತ್ತಾನೆ, ಏಕೆಂದರೆ ಹೊಲ ಉಳಿದಿರುತ್ತದೆ. ಖಣಿಯಾದ ಹೊಲದಲ್ಲಿ ಮರುವರ್ಷವೆಂಬುದಿಲ್ಲ. ಸಂಪತ್ತಿನ ಲೆಕ್ಕ ಬರೆಯುವವರು ಕಲ್ಲಿನ ಬೆಲೆಯನ್ನು ಆದಾಯದ ಕಡೆಗೆ ಬರೆದು, ಕಳೆದುಹೋದ ಮಣ್ಣಿನ ಬೆಲೆಯನ್ನು ಯಾವ ಕಡೆಗೂ ಬರೆಯದೆ ಬಿಡುವುದೇ ಸುಸ್ಥಿರತೆಯ ಮೂಲ ಲೋಪ. ಶಹಾಬಾದಿನ ಪರಿಣಾಮವನ್ನು ನೋಡಿದರೆ ಈ ಲೋಪದ ಅರ್ಥ ತಿಳಿಯುತ್ತದೆ: ಒಂದು ಕಾಲಕ್ಕೆ ಸಿಮೆಂಟಿನಿಂದಲೂ ಯಂತ್ರನಿರ್ಮಾಣದಿಂದಲೂ ಗಿಜಿಗುಟ್ಟುತ್ತಿದ್ದ ಊರು, ಹಳೆಯ ಕಾರ್ಖಾನೆ ಮುಚ್ಚಿದ ಮೇಲೆ, ಪರಸಿ ಖಣಿಗಳ ಚೂರುಗಲ್ಲಿನ ದಿಬ್ಬಗಳನ್ನೂ ಮಳೆನೀರು ನಿಂತ ಗುಂಡಿಗಳನ್ನೂ ಇಟ್ಟುಕೊಂಡು ಉಳಿಯಿತು.

ಕಾನೂನು ಇಲ್ಲಿ ಸಂಪೂರ್ಣವಾಗಿ ಮೂಕವಾಗಿಲ್ಲ. 1957ರ ಗಣಿ ಕಾಯಿದೆಗೆ 2015ರಲ್ಲಿ ತಂದ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಹಳೆಯ ಗುತ್ತಿಗೆದಾರರು ರಾಜಧನದ ಶೇಕಡಾ 30ರಷ್ಟನ್ನೂ, ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇಕಡಾ 10ರಷ್ಟನ್ನೂ ಆ ನಿಧಿಗೆ ಸಲ್ಲಿಸತಕ್ಕದ್ದು. ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳಿಗೆ ಅದರಲ್ಲಿ ಆದ್ಯತೆ. ಗಣಿಯನ್ನು ಹಂತಹಂತವಾಗಿ ಮುಚ್ಚುತ್ತ ಬರುವ ಯೋಜನೆಯೂ ಅದಕ್ಕೊಂದು ಆರ್ಥಿಕ ಭದ್ರತೆಯೂ 2017ರ ನಿಯಮಗಳಲ್ಲಿವೆ. ಉತ್ತಮವಾದ ಬೀಜ. ಆದರೆ ಗಣಿಯ ಧೂಳು ಬೀಳುವ ಹಳ್ಳಿಯ ಗ್ರಾಮಸಭೆಯಲ್ಲಿ, ಈ ವರ್ಷ ನಮ್ಮ ನೆಲದಿಂದ ಎಷ್ಟು ಟನ್ ಕಲ್ಲು ಹೋಯಿತು, ನಿಧಿಗೆ ಎಷ್ಟು ಹಣ ಬಂತು, ಅದು ಯಾವ ಊರಿನ ಯಾವ ಕೆಲಸಕ್ಕೆ ವೆಚ್ಚವಾಯಿತು, ಎಷ್ಟು ಎಕರೆ ಗುಂಡಿಯನ್ನು ತುಂಬಿ ಮೇಲ್ಮಣ್ಣು ಹರಡಲಾಯಿತು ಎಂಬ ನಾಲ್ಕು ಸಂಗತಿಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಬೇಕೆಂಬ ಕಟ್ಟುಪಾಡು ಬಂದಲ್ಲದೆ ಆ ಬೀಜ ಮೊಳೆಯದು. ತಿಷ್ಯ ದಿನದಲ್ಲಿ ಓದಿ ಕೇಳಿಸಬೇಕೆಂದ ಆ ಪ್ರಾಚೀನ ವಿಧಿಗೆ ನಮ್ಮ ಗ್ರಾಮಸಭೆಗಿಂತ ತಕ್ಕ ಉತ್ತರಾಧಿಕಾರಿಯಿಲ್ಲ.

ಚಿಂಚೋಳಿಯ ಕಥೆ ಬೇರೆ, ಆದರೆ ಅದರ ತತ್ತ್ವ ಇದೇ. ಅಲ್ಲಿಯ ಒಣ ಅರಣ್ಯದ ಸುಮಾರು 134 ಚದರ ಕಿಲೋಮೀಟರ್ ಪ್ರದೇಶವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದರು. ಬಯಲುಸೀಮೆಗೆ ಆ ಕಾಡೊಂದು ಭಾಗ್ಯ. ಘೋಷಣೆ ಸರ್ವಥಾ ಉಚಿತವಾದುದು. ಆದರೆ ಆ ಕಾಡಿನ ಮಗ್ಗುಲಿನ ಕೊಂಚಾವರದ ಸುತ್ತಣ ತಾಂಡಾಗಳಲ್ಲಿ ಲಂಬಾಣಿ ಜನರು ವಾಸಿಸುತ್ತಾರೆ. ಮಳೆಗಾಲ ಕಳೆಯುತ್ತಲೇ ಅನೇಕರು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತಾರೆ. ಕಾಡಿನ ನೆಲದ ಮೇಲೆ ಹಕ್ಕು ಪಡೆಯಲು, 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮೊದಲು ತಾನು ಆ ನೆಲದಲ್ಲಿದ್ದುದನ್ನು ತೋರಿಸಿದರೆ ಸಾಕು. ಇತರರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದನ್ನು ಸಾಧಿಸಬೇಕು. ಗಡಿಯಾಚೆ ತೆಲಂಗಾಣದಲ್ಲಿ ಲಂಬಾಣಿಗಳು ಪರಿಶಿಷ್ಟ ಪಂಗಡ, ಈಚೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಒಂದೇ ಭಾಷೆಯಾಡುವ, ಒಂದೇ ಕಾಡಿನ ಅಂಚಿನಲ್ಲಿ ಬಾಳುವ, ಪರಸ್ಪರ ಹೆಣ್ಣು ಕೊಟ್ಟು ತರುವ ಜನರಲ್ಲಿ ಒಬ್ಬನಿಗೆ ಬಾಗಿಲು ತೆರೆದಿದೆ, ಇನ್ನೊಬ್ಬನು ಅಕ್ಷರವರಿಯದ ಅಜ್ಜನ ಕಾಲದ ದಾಖಲೆ ತರಬೇಕಾಗಿದೆ. ಇದರಲ್ಲಿ ಯಾವ ಅಧಿಕಾರಿಯ ದುಷ್ಟತನವೂ ಇಲ್ಲ, ಯಾವ ನಾಯಕನ ದ್ವೇಷವೂ ಇಲ್ಲ. ಎರಡು ಪಟ್ಟಿಗಳು ಬೇರೆಬೇರೆಯಾಗಿ ರಚಿತವಾದುವು, ಅಷ್ಟೆ. ವ್ಯವಸ್ಥೆಯ ಅನ್ಯಾಯವೆಂದರೆ ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ಅದನ್ನು ನೀಗುವುದಕ್ಕೆ ಕರುಣೆಯೊಂದೇ ಸಾಲದು, ಪಟ್ಟಿಗಳನ್ನು ಓದುವ ತಾಳ್ಮೆಯೂ ಬೇಕು. ಮತ್ತು ಕಾಡಿನ ಜನರಿಗೆ ಕಾಡಿನಲ್ಲಿ ಪಾಲಿಲ್ಲದೆ ಯಾವ ಕಾಡೂ ದೀರ್ಘಕಾಲ ಉಳಿಯದು.

ಇಷ್ಟನ್ನು ಕೇಳಿದವರು, ಹಾಗಾದರೆ ವ್ಯಕ್ತಿಗೆ ಬೆಲೆಯೇ ಇಲ್ಲವೇ, ಎಲ್ಲವೂ ನಿಯಮಗಳಿಂದಲೇ ಆಗುವುದೇ ಎಂದು ಆಕ್ಷೇಪಿಸಬಹುದು. ನಿಯಮಗಳು ತಾವಾಗಿ ಹುಟ್ಟುವುದಿಲ್ಲ. ಸಂವಿಧಾನದ 371(ಜೆ) ವಿಧಿಯನ್ನು ನೋಡಿರಿ. ಈ ಸೀಮೆಯನ್ನೊಳಗೊಂಡ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಬೇಕೆಂದು ಚಿಂಚೋಳಿಯ ಶಾಸಕರಾಗಿದ್ದ ವೈಜನಾಥ ಪಾಟೀಲರೂ ಅವರ ಸಂಗಡಿಗರೂ ದಶಕಗಳ ಕಾಲ ಹೋರಾಡಿದರು. ಅವರನ್ನು ಕೇಳುವವರಿಲ್ಲದ ವರ್ಷಗಳೇ ಹೆಚ್ಚು. ಕಡೆಗೆ 2012ರಲ್ಲಿ ಸಂಸತ್ತು 98ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿ ಬಂತು, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂತು. ವೈಜನಾಥ ಪಾಟೀಲರು 2019ರಲ್ಲಿ ತೀರಿಕೊಂಡರು. ಆ ವಿಧಿಯಿಂದ ವೈದ್ಯಕೀಯ ಕಾಲೇಜು ಸೇರಿದ ಸೇಡಂನ ಹುಡುಗಿಗೆ ಅವರ ಹೆಸರು ತಿಳಿಯದೆಯೂ ಇರಬಹುದು. ತನ್ನ ಹೆಸರನ್ನು ತಿಳಿಯದವರಿಗೂ ಪ್ರಯೋಜನವಾಗುವಂತೆ ಒಂದು ಏರ್ಪಾಡನ್ನು ಬಿಟ್ಟುಹೋಗುವುದಕ್ಕಿಂತ ಹಿರಿದಾದ ನಾಯಕತ್ವವನ್ನು ನಾನು ಕಾಣೆ. ಆದರೂ ಆ ವಿಧಿಯು ಅವಕಾಶದ ಅಸಮಾನತೆಯನ್ನು ಮುಟ್ಟಿತೇ ಹೊರತು ನೆಲ, ನೀರು, ಕಲ್ಲುಗಳ ಅಸಮಾನತೆಯನ್ನು ಮುಟ್ಟಲಿಲ್ಲ. ಅದು ಮುಂದಿನವರ ಪಾಲಿನ ಕೆಲಸ.

ಆ ಕೆಲಸಕ್ಕೆ ಕಾಲವೂ ನಿಗದಿಯಾಗಿದೆ. ಹಳೆಯ ಸ್ವಂತ ಬಳಕೆಯ ಗಣಿ ಗುತ್ತಿಗೆಗಳಲ್ಲಿ, ನವೀಕರಣದ ಅವಧಿಯಾಗಲಿ 50 ವರ್ಷದ ಅವಧಿಯಾಗಲಿ ಮುಂದಕ್ಕೆ ಚಾಚದಿರುವವು, 2015ರ ತಿದ್ದುಪಡಿಯ ಪ್ರಕಾರ 2030ರ ಮಾರ್ಚ್ 31ಕ್ಕೆ ಮುಗಿದು ಹರಾಜಿಗೆ ಬರುತ್ತವೆ. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಗೊತ್ತುಮಾಡಿದ ವರ್ಷವೂ ಅದೇ. ಹೊಸ ಗುತ್ತಿಗೆ 50 ವರ್ಷದ್ದು. ಒಮ್ಮೆ ಸಹಿ ಬಿದ್ದಮೇಲೆ ಇಂದಿನ ಮಕ್ಕಳು ಮುದುಕರಾಗುವವರೆಗೆ ಅದರ ಷರತ್ತುಗಳೇ ಈ ನೆಲವನ್ನಾಳುತ್ತವೆ. ತೆಗೆದ ಪ್ರತಿ ಎಕರೆಗೆ ಮೇಲ್ಮಣ್ಣನ್ನು ಕಾದಿರಿಸಿ ಮರಳಿ ಹರಡುವುದು, ಗುಂಡಿಯನ್ನು ಕೆರೆಯನ್ನಾಗಿಯೋ ಹೊಲವನ್ನಾಗಿಯೋ ಊರಿಗೆ ಒಪ್ಪಿಸುವುದು, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಲೆಕ್ಕ ಓದುವುದು, ಈ ಮೂರನ್ನು ಗುತ್ತಿಗೆಯ ಪತ್ರದಲ್ಲಿಯೇ ಬರೆಯಿಸಬೇಕು. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳ ಗ್ರಾಮ ಪಂಚಾಯತಿಗಳ ಸದಸ್ಯರೂ, ರೈತ ಸಂಘಗಳವರೂ, ಕಾರ್ಖಾನೆಗಳ ಕಾರ್ಮಿಕರೂ, ಕಾಲೇಜುಗಳ ಅಧ್ಯಾಪಕರೂ ಈಗಿನಿಂದಲೇ ಒಟ್ಟಿಗೆ ಕುಳಿತು ಆ ಷರತ್ತುಗಳ ಕರಡನ್ನು ಸಿದ್ಧಪಡಿಸಿ, ನಿರ್ಣಯ ಮಾಡಿ, ಜಿಲ್ಲಾಧಿಕಾರಿಗಳಿಗೂ ಸರ್ಕಾರಕ್ಕೂ ಕಳುಹಿಸಬೇಕೆಂದು ಬೇಡಿಕೊಳ್ಳುತ್ತೇನೆ.