ರೋಬೋಟಿಗೆ ಬರೇ ತಲಿ ಇದ್ರ ಸಾಕೇನ್ರಿ?

ಸಿಇಟಿ ರ‍್ಯಾಂಕ್ ಬಂದದ್ದೇ ತಡ, ನಮ್ಮನಿಗೆ ಚಾ ಕುಡೀಲಿಕ್ಕೆ ಬಂದವರೆಲ್ಲಾ ಒಂದೇ ಮಾತು ಹೇಳಿ ಹೋದ್ರು: "ಕಂಪ್ಯೂಟರ್ ಸೈನ್ಸ್ ಹಚ್ರಿ, ಬ್ಯಾರೆ ವಿಚಾರನ ಬ್ಯಾಡ." ಮಗಳಿಗೆ ರೋಬೋಟ್ ಮಾಡೂದು ಕಲೀಬೇಕಂತ ಅದ, ಮೆಕ್ಯಾನಿಕಲ್ ಅಂತಾಳ ಅಂದಕೂಡ್ಲೇ ಕಾಕು ಕಪ್ಪು ಕೆಳಗಿಟ್ಟು, "ಅಯ್ಯ ನಮ್ಮವ್ವ, ಹೆಣ್ಣ ಹುಡುಗಿಗೆ ಎಣ್ಣಿ, ಗ್ರೀಸು ಯಾಕ?" ಅಂದ್ರು. ಹಿರಿಯರು ಅಂತ ಅವತ್ತು ಸುಮ್ಮನಿದ್ದೆ. ಇವತ್ತು ಹೇಳೇಬಿಡ್ತೀನಿ. ಕಾಕು, ವೈನಿ, ಬಾಜೂಮನಿ ಅಕ್ಕಾರ, ಎಲ್ಲಾರೂ ಓದ್ರಿ.

ನಾವು ದಿನಾ ಬಡಿಯೋ ಜೋಳದ ರೊಟ್ಟಿನ ನೋಡ್ರಿ. ಬಡಿಯೂದು ಕೈ. ಹಿಟ್ಟು ಬಿರೀಲಿಕ್ಹತ್ತೇದ ಅಂತ ತಿಳಿಯೂದು ಬೆರಳಿನ ತುದಿಗೆ. ನೀರು ಹಚ್ಚು, ಮೆಲ್ಲಕ ಬಡಿ ಅಂತ ಹೇಳೂದು ತಲಿ. ಮೂರೂ ಕೂಡಿದ್ರನ ರೊಟ್ಟಿ. ರೋಬೋಟ್ ಅಂದ್ರೂ ಇಷ್ಟ. ಕೈಕಾಲು, ಕೀಲು, ಗಿಯರು ಮೆಕ್ಯಾನಿಕಲ್‌ನವರದು. ಮೋಟಾರು, ಸೆನ್ಸಾರು, ಸರ್ಕೀಟು ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನವರದು. ಕ್ಯಾಮೆರಾದಾಗ ಕಂಡದ್ದೇನು, ಯಾವ ದಾರಿ ಹಿಡೀಬೇಕು ಅಂತ ಲೆಕ್ಕಾ ಹಾಕೂದು ಕಂಪ್ಯೂಟರ್‌ನವರದು. ಇನ್ನ, ತಪ್ಪಿದ್ದನ್ನ ಆಗಿಂದಾಗ ತಿದ್ದಿಕೊಳ್ಳೋ ವಿದ್ಯಾಕ್ಕ ಕಂಟ್ರೋಲ್ ಅಂತಾರ. ಅದನ್ನ ಮೊದಲಿನ ಮೂರು ಬ್ರ್ಯಾಂಚಿನಾಗ ಕಲಸ್ತಾರ, ಕಂಪ್ಯೂಟರ್ ಸೈನ್ಸ್‌ದಾಗ ಸಾಮಾನ್ಯವಾಗಿ ಇರೂದಿಲ್ಲ.

2023ರ ಆಗಸ್ಟ್ 23ಕ್ಕ ಚಂದ್ರಯಾನ-3 ಇಳಿದಾಗ ನಾವೆಲ್ಲಾ ಟೀವಿ ಮುಂದ ಕೂತು ಚಪ್ಪಾಳಿ ಹೊಡದ್ವಿ. ಅದರಾಗಿನ ಪ್ರಜ್ಞಾನ್ ರೋವರ್ 26 ಕಿಲೋ, ಆರು ಗಾಲಿ. ಆ ಗಾಲಿ ಧೂಳಿನಾಗ ಹುಗೀಬಾರದು, ಕಲ್ಲು ಅಡ್ಡ ಬಂದ್ರ ಮಗಚಬಾರದು. ಬರೇ ಕೋಡ್ ಬರದ್ರ ಅದು ಆಗ್ತಿತ್ತೇನ್ರಿ?

ಹೆಣ್ಣ ಹುಡುಗಿ ಅನ್ನೋ ಮಾತಿಗೆ ಬರ್ತೀನಿ. ನಮ್ಮ ಹುಬ್ಬಳ್ಳಿ ಬಿವಿಬಿಯೊಳಗ ಎಲೆಕ್ಟ್ರಿಕಲ್ ಓದಿದ ಸುಧಾ ಮೂರ್ತಿಯವರು, ಹೆಣ್ಣುಮಕ್ಕಳು ಅರ್ಜಿ ಹಾಕಬಾರದು ಅಂತಿದ್ದ ಟೆಲ್ಕೊ ಜಾಹೀರಾತು ನೋಡಿ ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡ್ ಬರದು ಕೇಳಿದ್ರು, ಅಲ್ಲೇ ಇಂಜಿನಿಯರ್ ಆದ್ರು. ಅದು 1974ರ ಮಾತು. ಐವತ್ತು ವರ್ಷ ಆತು, ನಾವಿನ್ನೂ ಗ್ರೀಸ್ ತೊಳ್ಕೋತ ಕೂತೇವಿ. ನಾನೂ ಪಿಯುಸಿ ಮುಗಿಸಿ ಮೆಕ್ಯಾನಿಕಲ್ ಅಂದಾಗ ಮನ್ಯಾಗ ನಕ್ಕರು. ಬಿ.ಎಸ್ಸಿ. ಮಾಡಿ ಲಗ್ನಾ ಮಾಡಿಕೊಂಡೆ. ಓಣ್ಯಾಗ ಯಾರದ ಮಿಕ್ಸರ್ ಕೆಟ್ರೂ ಇವತ್ತು ನನ್ನ ಕಡೆನ ತರ್ತೀರಿ. ಆಗ ಯಾರೂ ಹೆಣ್ಣು, ಎಣ್ಣಿ ಅನ್ನೂದಿಲ್ಲ!

ಕಂಪ್ಯೂಟರ್ ಸೈನ್ಸ್ ಕೆಟ್ಟದ್ದು ಅಂತ ನಾ ಹೇಳವಲ್ಲೆ. ಸುರುವಿನ ಪಗಾರ ಅಲ್ಲಿ ಹೆಚ್ಚು ಸಿಗಬಹುದು, ಸಾಲಾ ಮಾಡಿ ಓದಸೋರಿಗೆ ಅದು ಸಣ್ಣ ಮಾತಲ್ಲ. ಕೋಡ್ ಬರಿಯೂದರಾಗ ಊಟ ಮರಿಯೋ ಮಕ್ಕಳಿಗೆ ಅದೇ ಇರಲಿ. ಮೆಕ್ಯಾನಿಕಲ್ ತಗೊಂಡ್ರೂ ಪ್ರೋಗ್ರಾಮಿಂಗ್ ಕಲೀಲಿಕ್ಕೇ ಬೇಕು, ಅದನ್ನ ಮಗಳಿಗೆ ಹೇಳೇನಿ. ಆದ್ರ ಎಲ್ಲಾ ಮಕ್ಕಳಿಗೂ ಒಂದೇ ಅಳತಿ ಝಂಪರ್ ಹೊಲಸ್ತೀವೇನು?

ಇನ್ನೊಂದು, ಈಗ ಭಾಳ ಕಾಲೇಜಿನಾಗ ರೋಬೋಟಿಕ್ಸ್ ಅನ್ನೋ ಹೆಸರಿನ ಬ್ರ್ಯಾಂಚೇ ಬಂದದ. ಬೋರ್ಡ್ ನೋಡಿ ಮರುಳಾಗಬ್ಯಾಡ್ರಿ. ಸೀರಿ ಅಂಗಡ್ಯಾಗ ಮಡಿಕಿ ಬಿಚ್ಚಿಸಿ ನೋಡ್ತೀವಲ್ಲ, ಹಂಗ ಲ್ಯಾಬಿನ ಬಾಗಲಾ ತಗಸಿ ನೋಡ್ರಿ. ಮಷಿನ್ ಅದಾವೋ, ಮಕ್ಕಳ ಕೈಗೆ ಕೊಡ್ತಾರೋ, ಕಲಸೋರು ಯಾರು ಅಂತ ಕೇಳ್ರಿ. ಇಲ್ಲಂದ್ರ ಹಳೇ ಬ್ರ್ಯಾಂಚ್ ಗಟ್ಟಿಯಾಗಿ ಓದಿ ಮುಂದ ಎಂ.ಟೆಕ್ ಮಾಡಬಹುದು. ಬೆಂಗಳೂರಿನ ಐಐಎಸ್‌ಸಿ ರೋಬೋಟಿಕ್ಸ್ ಎಂ.ಟೆಕ್‌ಗೆ ಬ್ಯಾರೆ ಬ್ಯಾರೆ ಬ್ರ್ಯಾಂಚಿನವರು ಗೇಟ್ ಬರದು ಹೋಗ್ತಾರ.

ಹಂಗಾದ್ರ ಆರಿಸೂದು ಹ್ಯಾಂಗ? ಹುಡುಗಿ ಕೈ ಎಲ್ಲಿಗೆ ಹೋಗ್ತದ ನೋಡ್ರಿ. ನನ್ನ ಮಗಳು ಅಜ್ಜಿಯ ಕೆಟ್ಟ ಹೊಲಿಗಿ ಮಷಿನ್ ಬಿಚ್ಚಿ, ತೊಳದು, ಮತ್ತ ಜೋಡಿಸಿ ಓಡಿಸ್ಯಾಳ. ನನಗ ಅಷ್ಟು ಸಾಕು.

ಇವತ್ತು ರಾತ್ರಿ ಆಪ್ಷನ್ ಎಂಟ್ರಿ ಮಾಡೂದದ. ಅದರಾಗ ಮೊದಲು ಬರದದ್ದನ್ನೇ ಮೊದಲು ನೋಡ್ತಾರ, ಹಂಗಾಗಿ ಮೊದಲಿನ ಸಾಲು ಆಕಿ ಕೈಯಿಂದನ ಬರಸ್ತೀನಿ. ಕಾಕು, ಚಾ ಕುಡೀಲಿಕ್ಕೆ ದಿನಾ ಬರ್ರಿ. ಆಕಿ ಏನು ಓದಬೇಕು ಅನ್ನೂದನ್ನ ಮಾತ್ರ ಆಕಿನ್ನ ಕೇಳ್ರಿ.